ಗೆಟ್ಜ್, ಜಿಲ್ಬರ್ಟೊ ಮತ್ತು ನನ್ನ 2,800 ರೂಪಾಯಿ

ಸ್ಟ್ಯಾನ್ ಗೆಟ್ಜ್ ಅವರ ಬ್ರೆಜಿಲ್ ಧಾಟಿಯ ಮೂರು ಜ್ಯಾಜ್ ಆಲ್ಬಮ್ಮುಗಳಲ್ಲಿ ಯಾವುದನ್ನು ಕೊಳ್ಳಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 1964ರ ‘ಗೆಟ್ಜ್/ಜಿಲ್ಬರ್ಟೊ’ ಆಲ್ಬಮ್ಮಿಗೆ. ಅದು ಅಷ್ಟು ಹಿಡಿಸಿದ್ದಕ್ಕೇ ‘ಗೆಟ್ಜ್/ಜಿಲ್ಬರ್ಟೊ ನಂಬರ್ 2’ ಕಂಡ ತಕ್ಷಣ ಹಿಂದೆಮುಂದೆ ನೋಡದೆ 2,800 ರೂಪಾಯಿ ಕೊಟ್ಟು ಎಲ್‌ಪಿ (ಗ್ರಾಮಫೋನ್ ಪ್ಲೇಟು) ತಂದೆ. ಪೇಚು ಶುರುವಾಗಿದ್ದು ಅಲ್ಲಿಂದ.

ಹೆಸರು ನೋಡಿದರೆ ಯಾರಿಗಾದರೂ ಏನನಿಸುತ್ತದೆ? ಅದೇ ಜೋಡಿ, ಇನ್ನಷ್ಟು ಹಾಡು, ಅಲ್ವಾ? ಅಮೆರಿಕದ ಸ್ಟ್ಯಾನ್ ಗೆಟ್ಜ್ ಸ್ಯಾಕ್ಸೋಫೋನ್, ಬ್ರೆಜಿಲಿನ ಜೊವಾವ್ ಜಿಲ್ಬರ್ಟೊ ಗಿಟಾರ್ ಮತ್ತು ಹಾಡು. ಮುಳ್ಳು ಇಟ್ಟೆ. ಗೆಟ್ಜ್ ಬಂದರು, ಜೊತೆಗೆ ಗ್ಯಾರಿ ಬರ್ಟನ್ ಅವರ ವೈಬ್ರಫೋನ್, ಅಂದರೆ ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ. ಚೆನ್ನಾಗಿಯೇ ಇತ್ತು. ಹಾಡುವವರು ಈಗ ಬರುತ್ತಾರೆ, ಆಗ ಬರುತ್ತಾರೆ ಅಂತ ಕಾದೆ. ಆ ಮಗ್ಗುಲೇ ಮುಗಿದುಹೋಯಿತು. ಪ್ಲೇಟು ತಿರುವಿ ಹಾಕಿದೆ. ಈಗ ಜೊವಾವ್ ಇದ್ದಾರೆ, ಗೆಟ್ಜ್ ನಾಪತ್ತೆ!

ಆಮೇಲೆ ಕವರಿನ ಹಿಂಬದಿ ಓದಿದೆ. ಅದು 1964ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ನಡೆದ ಕಛೇರಿ. ಎಲ್‌ಪಿಯಲ್ಲಿ ಒಂದು ಮಗ್ಗುಲು ಗೆಟ್ಜ್ ತಂಡಕ್ಕೆ, ಇನ್ನೊಂದು ಜೊವಾವ್ ತಂಡಕ್ಕೆ. ಗಂಡಿನ ಕಡೆಯವರಿಗೊಂದು ಪಂಕ್ತಿ, ಹೆಣ್ಣಿನ ಕಡೆಯವರಿಗೊಂದು ಪಂಕ್ತಿ ಹಾಕಿದ ಹಾಗೆ. ಕವರಿನ ಮೇಲೆ ಮಾತ್ರ ಇಬ್ಬರ ಹೆಸರೂ ಅಕ್ಕಪಕ್ಕ. ಅಂಗಡಿಯವರನ್ನು ಕೇಳಿದೆ. “ಸೀಲ್ ಒಡೆದಿದೀರಲ್ಲ ಸಾರ್” ಅಂದರು. ಅವರದೂ ತಪ್ಪಿಲ್ಲ. ತಿರುಗಿಸಿ ನೋಡದೆ ತಂದವನು ನಾನು.

ಸಂಗೀತ ಕೆಟ್ಟದ್ದು ಅಂತಲ್ಲ. ಜೊವಾವ್ ಹಾಡುವ ಬಾತುಕೋಳಿಯ ಹಾಡು ‘ಓ ಪಾಟೊ’ ಕೇಳಿದರೆ ಸುಮ್ನೆ ನಗು ಬರುತ್ತದೆ. ಆದರೆ ನನಗೆ ಬೇಕಾಗಿದ್ದು ಇಬ್ಬರೂ ಒಬ್ಬರಿಗೊಬ್ಬರು ಸಿಗುವ ಆ ಗಳಿಗೆ. ಮೊದಲ ಆಲ್ಬಮ್ಮಿನ ಜೀವ ಇರುವುದೇ ಅಲ್ಲಿ. 1963ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಎರಡೇ ದಿನದಲ್ಲಿ ಮುಗಿಸಿದ್ದು. ಪಿಯಾನೋದಲ್ಲಿ ಬ್ರೆಜಿಲಿನ ಸಂಗೀತಕಾರ ಜೋಬಿಮ್, ಹೆಚ್ಚಿನ ರಾಗಗಳೂ ಅವರವೇ. ‘ಇಪನೀಮಾದ ಹುಡುಗಿ’ (ದ ಗರ್ಲ್ ಫ್ರಮ್ ಇಪನೀಮಾ) ಹಾಡನ್ನು ಜೊವಾವ್ ಪೋರ್ಚುಗೀಸಿನಲ್ಲಿ ಗುನುಗಿದಂತೆ ಶುರು ಮಾಡುತ್ತಾರೆ. ಅವರ ಹೆಂಡತಿ ಆಸ್ಟ್ರೂಡ್ ಅದನ್ನೇ ಇಂಗ್ಲಿಷಿನಲ್ಲಿ ಹಾಡುತ್ತಾರೆ. ಆಕೆ ಆಗ ವೃತ್ತಿಯ ಗಾಯಕಿ ಅಲ್ಲ. ದನಿಯಲ್ಲಿ ಒಂದಿಷ್ಟೂ ಒನಪಿಲ್ಲ, ಅದೇ ಚಂದ. ಅವರು ಬಿಟ್ಟಲ್ಲಿಂದ ಗೆಟ್ಜ್ ಎತ್ತಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ: ಈ ಹಾಡನ್ನು ರೇಡಿಯೋಗೆಂದು ಮೊಟಕು ಮಾಡಿ ಬಿಡಿಯಾಗಿ ತಂದ ಸಿಂಗಲ್‌ನಲ್ಲಿ ಜೊವಾವ್ ಹಾಡಿದ ಭಾಗವೇ ಇಲ್ಲ. ಐದು ನಿಮಿಷಕ್ಕಿಂತ ಜಾಸ್ತಿ ಇದ್ದರೆ ಅದು ಪೂರ್ತಿ ಹಾಡು.

ಮೂರನೆಯದು ‘ಜ್ಯಾಜ್ ಸಾಂಬಾ’, 1962. ಗೆಟ್ಜ್ ಜೊತೆ ಗಿಟಾರಿಗೆ ಚಾರ್ಲಿ ಬರ್ಡ್. ವಾಷಿಂಗ್ಟನ್ನಿನ ಒಂದು ಚರ್ಚಿನ ಹಾಲಿನಲ್ಲಿ ಒಂದೇ ದಿನದಲ್ಲಿ ಮುದ್ರಿಸಿದ್ದು. ಲವಲವಿಕೆ ಇದರಲ್ಲೇ ಜಾಸ್ತಿ. ಹಾಡುವವರಿಲ್ಲ. ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುವಾಗ ಹಾಕಿಕೊಳ್ಳುತ್ತೇನೆ.

ನಾನು ಕೂತು ಕೇಳುವುದು ರಾತ್ರಿ ಹತ್ತರ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ. ವಾಲ್ಯೂಮ್ ಏರಿಸುವ ಹಾಗಿಲ್ಲ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿ ಬೆಳೆದ ಕಿವಿ ನನ್ನದು. ಅದು ಆಲ್ಟೊ, ಏರು ದನಿಯದು, ಮಂಟಪ ತುಂಬಬೇಕು. ಗೆಟ್ಜ್ ಅವರದು ಟೆನರ್, ಅದಕ್ಕಿಂತ ತಗ್ಗಿನ ದನಿಯದು, ಊದುವ ಉಸಿರೂ ಕೇಳಿಸುತ್ತದೆ. ಜೊವಾವ್ ಅಂತೂ ಪಕ್ಕದಲ್ಲಿ ಕೂತವರಿಗಷ್ಟೇ ಹಾಡಿದ ಹಾಗೆ. ಇಷ್ಟು ಸಣ್ಣ ದನಿಯಲ್ಲೂ ಏನೂ ಕಳೆದುಹೋಗದ ಪ್ಲೇಟು ನನ್ನ ಹತ್ತಿರ ಆ ಮೊದಲ ‘ಗೆಟ್ಜ್/ಜಿಲ್ಬರ್ಟೊ’ ಒಂದೇ.

ಒಂದಕ್ಕೇ ದುಡ್ಡಿದ್ದರೆ ಮೊದಲನೆಯದನ್ನು ತಗೊಳ್ಳಿ. ‘ಜ್ಯಾಜ್ ಸಾಂಬಾ’ ಫೋನಿನಲ್ಲಿ ಕೇಳಿದರೂ ನಡೆಯುತ್ತದೆ. ನಂಬರ್ 2 ಮಾರಿಬಿಡೋಣ ಅಂತಿದ್ದೆ, ಬಾತುಕೋಳಿ ಬಿಡಲಿಲ್ಲ. ಗೆಟ್ಜ್ ಮಗ್ಗುಲು ಮಾತ್ರ ಇನ್ನೂ ಹೊಸದರ ಹಾಗೇ ಇದೆ.