ಹಬ್ಬದ ರಜೆಗೆ ರೈಲು: ಅರವತ್ತನೇ ದಿನದ ಟಿಕೆಟ್ಟೋ, ತತ್ಕಾಲೋ, ಸ್ಪೆಷಲ್ ಗಾಡಿಯೋ?

ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಿಂದಲೇ ಹೊರಡುವ ಗಾಡಿ, ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಎಂಟಕ್ಕೆ ತೆಗೆದ ಮಾಮೂಲಿ ಟಿಕೆಟ್. ತತ್ಕಾಲ್, ಹಬ್ಬದ ಸ್ಪೆಷಲ್, ಬೆಂಗಳೂರಿಗೆ ಹೋಗಿ ಅಲ್ಲಿಂದ ಬೇರೆ ಗಾಡಿ, ಈ ಮೂರನ್ನೂ ಬಳಸಿ ನೋಡಿಯೇ ಹೇಳುತ್ತಿರುವುದು. ಮೊದಲನೆಯದು ಕೈತಪ್ಪಿದರೆ ಮಾತ್ರ ಇವುಗಳ ಕಡೆ ತಿರುಗಬೇಕು. ತಮಾಷೆ ಏನೆಂದರೆ, ಮೊದಲನೆಯದು ಕೈತಪ್ಪುವುದು ಬಹಳ ಸಲ ಸೀಟಿಲ್ಲದೆ ಅಲ್ಲ, ದಿನದ ಲೆಕ್ಕ ತಪ್ಪಿ.

ರಿಸರ್ವೇಶನ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ, ಪ್ರಯಾಣದ ದಿನ ಬಿಟ್ಟು. ಅಕ್ಟೋಬರ್ 20ಕ್ಕೆ ಹೊರಡುವವರಿಗೆ ತೆರೆಯುವುದು ಆಗಸ್ಟ್ 21. ಜನ ಇದನ್ನು ‘ಎರಡು ತಿಂಗಳು’ ಅಂತ ನೆನಪಿಟ್ಟುಕೊಳ್ಳುತ್ತಾರೆ, ಅಲ್ಲೇ ಎಡವಟ್ಟು. ದಸರಾ, ಸಂಕ್ರಾಂತಿಗೆ ಎರಡು ತಿಂಗಳ ಲೆಕ್ಕ ಹಾಕಿದರೆ ಒಂದು ದಿನ ಮುಂಚೆ ಹೋಗಿ ಬರಿಗೈಲಿ ಬರುತ್ತೀರಿ, ನಷ್ಟವೇನಿಲ್ಲ. ಆದರೆ ನಡುವೆ ಫೆಬ್ರವರಿ ಬಂತೋ, ಲೆಕ್ಕ ತಿರುಗುತ್ತೆ. 2026ರ ಯುಗಾದಿ ಮಾರ್ಚ್ 19ಕ್ಕೆ; ಆ ದಿನದ ಟಿಕೆಟ್ ತೆರೆದದ್ದು ಜನವರಿ 18ಕ್ಕೆ. ‘ಹತ್ತೊಂಬತ್ತಕ್ಕೆ ಎರಡು ತಿಂಗಳು’ ಅಂತ ಜನವರಿ 19ಕ್ಕೆ ಕೂತವರಿಗೆ ಇಡೀ ಒಂದು ದಿನ ತಡ. ಹಬ್ಬದ ಗಾಡಿಯಲ್ಲಿ ಒಂದು ದಿನ ಅಂದರೆ ಬರ್ತ್‌ಗೂ ವೇಟಿಂಗ್ ಲಿಸ್ಟ್‌ಗೂ ಇರುವ ವ್ಯತ್ಯಾಸ. ಏಪ್ರಿಲ್ 10ಕ್ಕೆ ಬೇಸಿಗೆ ರಜೆಯ ಪ್ರಯಾಣವಿದ್ದರೂ ಹೀಗೇ, ಅಧಿಕ ವರ್ಷ ಅಲ್ಲದಿದ್ದರೆ ಫೆಬ್ರವರಿ 9ಕ್ಕೇ ಎದ್ದು ಕೂರಬೇಕು. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿ, ತಿಂಗಳ ಲೆಕ್ಕ ಬೇಡ.

ಇದಕ್ಕಿಂತ ದೊಡ್ಡ ಕಿರಿಕಿರಿ ಇನ್ನೊಂದಿದೆ. ಆ 60 ದಿನ ಎಣಿಸುವುದು ನೀವು ಹತ್ತುವ ದಿನದಿಂದ ಅಲ್ಲ, ಗಾಡಿ ತನ್ನ ಮೊದಲ ನಿಲ್ದಾಣ ಬಿಡುವ ದಿನದಿಂದ. ಮೈಸೂರಿನಿಂದ ಹೊರಡುವ ಗಾಡಿಯನ್ನು ಮೈಸೂರಲ್ಲೇ ಹತ್ತಿದರೆ ಎರಡೂ ಒಂದೇ, ತಲೆಬಿಸಿ ಇಲ್ಲ. ವಾಪಸ್ ಬರುವಾಗ ಸಿಕ್ಕಿಕೊಳ್ಳುವುದು. ಉಜ್ಜಯಿನಿ ನೋಡಿಕೊಂಡು ಭೋಪಾಲದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುತ್ತೀರಿ ಅನ್ನಿ. ಅದು ದೆಹಲಿ ಬಿಡುವುದು ರಾತ್ರಿ, ಭೋಪಾಲಕ್ಕೆ ಬರುವುದು ಮರುದಿನ. ನೀವು 5ನೇ ತಾರೀಕು ಹತ್ತಿದರೂ ರೈಲ್ವೆಯ ಪಾಲಿಗೆ ಅದು 4ರ ಗಾಡಿ, ಬುಕಿಂಗ್ ತೆರೆಯುವುದು 4ರಿಂದ ಹಿಂದಕ್ಕೆ ಎಣಿಸಿ. ತತ್ಕಾಲಿಗೂ ಇದೇ ನಿಯಮ. ತತ್ಕಾಲ್ ‘ಒಂದು ದಿನ ಮುಂಚೆ’ ಅಂದರೆ ಗಾಡಿ ಹೊರಡುವುದಕ್ಕೆ ಒಂದು ದಿನ ಮುಂಚೆ, ಅಂದರೆ 3ಕ್ಕೆ. 4ನೇ ತಾರೀಕು ಹತ್ತು ಗಂಟೆಗೆ ಫೋನ್ ಹಿಡಿದು ಕೂತವರಿಗೆ ಕಾಣುವುದು ಹಿಂದಿನ ದಿನವೇ ಖಾಲಿಯಾದ ಕೋಟಾ. ಎರಡು ರಾತ್ರಿ ಓಡುವ ಗಾಡಿಯನ್ನು ಮೂರನೇ ದಿನ ಹತ್ತುವುದಾದರೆ ಇನ್ನೂ ಒಂದು ದಿನ ಹಿಂದಕ್ಕೆ.

ನಡುರಾತ್ರಿ ದಾಟಿ ಬರುವ ಗಾಡಿಗಳದ್ದೂ ಇದೇ ಕಥೆ. ಮೈಸೂರಿನಿಂದ ರಾತ್ರಿ ಹೊರಟು ಹಾಸನದ ಮೇಲೆ ಹೋಗುವ ಬೆಳಗಾವಿ ಗಾಡಿಯನ್ನು ಅರಸೀಕೆರೆಯಲ್ಲಿ ಹತ್ತುವವರ ಟಿಕೆಟ್ ಮೇಲೆ ಮರುದಿನದ ತಾರೀಕು ಇರುತ್ತೆ, ಗಾಡಿ ಹಿಂದಿನ ದಿನದ್ದು. ವೇಳಾಪಟ್ಟಿ ತೆರೆದರೆ ಪ್ರತಿ ನಿಲ್ದಾಣದ ಪಕ್ಕ ‘ದಿನ 1, ದಿನ 2’ ಅಂತ ಒಂದು ಕಾಲಂ ಇರುತ್ತೆ. ಯಾರೂ ನೋಡದ ಕಾಲಂ ಅದು. ಅಲ್ಲಿ 2 ಇದ್ದರೆ ಒಂದು ಕಳೆಯಿರಿ, 3 ಇದ್ದರೆ ಎರಡು.

ಇನ್ನು ಎಂಟು ಗಂಟೆಯ ವಿಷಯ. ಆನ್‌ಲೈನಾದರೆ ರೈಲ್ವೆ ಬುಕಿಂಗ್ ಖಾತೆಗೆ ಆಧಾರ್ ದೃಢೀಕರಣ ಆಗಿರಲೇಬೇಕು. 2025ರ ಅಕ್ಟೋಬರ್ 1ರಿಂದ ಬುಕಿಂಗ್ ತೆರೆಯುವ ಹೊತ್ತಿಗೆ ಅದಿಲ್ಲದವರಿಗೆ ಬಾಗಿಲು ಮುಚ್ಚಿರುತ್ತೆ. ಹೆಸರು, ವಯಸ್ಸು ಎಲ್ಲ ಹಿಂದಿನ ದಿನವೇ ಮಾಸ್ಟರ್ ಲಿಸ್ಟ್‌ಗೆ ಹಾಕಿಡಿ. ಒಂದು ಪಿಎನ್‌ಆರ್‌ಗೆ, ಅಂದರೆ ಒಂದು ಟಿಕೆಟ್ ನಂಬರಿಗೆ, ಆರು ಜನ. ಸಂಸಾರವೆಲ್ಲ ಒಂದೇ ಪಿಎನ್‌ಆರ್‌ನಲ್ಲಿರುವುದು ಕ್ಷೇಮ, ಒಬ್ಬರಿಗಾದರೂ ಕನ್ಫರ್ಮ್ ಆದರೆ ಉಳಿದವರ ಹೆಸರು ಚಾರ್ಟ್‌ನಿಂದ ಬಿದ್ದುಹೋಗುವುದಿಲ್ಲ. ಅಪ್ಪ ಅಮ್ಮನಿಗೆ ಕೆಳಗಿನ ಬರ್ತ್ ಬೇಕಿದ್ದರೆ ಮಾತ್ರ ಅವರಿಬ್ಬರದು ಬೇರೆ ಟಿಕೆಟ್. ಗಂಡಸರಿಗೆ 60, ಹೆಂಗಸರಿಗೆ 45 ದಾಟಿದ್ದರೆ ಹಿರಿಯರ ಕೋಟಾ ಸಿಗುತ್ತೆ, ಆದರೆ ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಇರಬಾರದು. ಮೊಮ್ಮಗನ ಹೆಸರು ಸೇರಿಸಿದಿರೋ, ಕೋಟಾ ಹೋಯಿತು.

ಮಂಡ್ಯದವರಿಗೆ ಒಂದು ಮಾತು. ಮಂಡ್ಯದಿಂದ ಟಿಕೆಟ್ ಹುಡುಕುವ ಜೊತೆಗೇ ಮೈಸೂರಿನಿಂದಲೂ ಹುಡುಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವೇಟಿಂಗ್ ಬಂದಿದ್ದರೆ ಸಂಖ್ಯೆಗಿಂತ ಮೊದಲು ಅದರ ಹಿಂದಿನ ಅಕ್ಷರ ಮುಖ್ಯ. ಜಿಎನ್‌ಡಬ್ಲ್ಯುಎಲ್ ಅಂದರೆ ಗಾಡಿಯ ದೊಡ್ಡ ಕೋಟಾ, ಯಾರು ರದ್ದು ಮಾಡಿದರೂ ಮುಂದೆ ಸರಿಯುತ್ತೆ. ಪಿಕ್ಯುಡಬ್ಲ್ಯುಎಲ್, ಆರ್‌ಎಲ್‌ಡಬ್ಲ್ಯುಎಲ್ ಅಂದರೆ ನಡುವಿನ ನಿಲ್ದಾಣಗಳ ಸಣ್ಣ ಕೋಟಾ. ಅಲ್ಲಿ ವೇಟಿಂಗ್ 8 ಕೂಡ ಜಿಎನ್‌ಡಬ್ಲ್ಯುಎಲ್ 30ಕ್ಕಿಂತ ಕಷ್ಟ ಆಗಬಹುದು. ಮೈಸೂರಿನಿಂದ ತೆಗೆದು ‘ಬೋರ್ಡಿಂಗ್ ಸ್ಟೇಷನ್’ ಜಾಗದಲ್ಲಿ ಮಂಡ್ಯ ಆರಿಸಿದರೆ ದೂರದ ಪ್ರಯಾಣದಲ್ಲಿ ದರ ಅಷ್ಟೇನೂ ಏರುವುದಿಲ್ಲ. ಬೋರ್ಡಿಂಗ್ ಬದಲಿಸದೆ ಮಂಡ್ಯದಲ್ಲಿ ಹತ್ತಬೇಡಿ, ಟಿಟಿಇ ಬಂದಿಲ್ಲ ಅಂತ ಗುರುತು ಹಾಕಿ ಬರ್ತನ್ನು ಆರ್‌ಎಸಿಯವರಿಗೆ (ಅರ್ಧ ಸೀಟು ಸಿಕ್ಕಿ ಬರ್ತ್‌ಗೆ ಕಾಯುತ್ತಿರುವವರಿಗೆ) ಕೊಟ್ಟಿರುತ್ತಾರೆ. ಬದಲಿಸಿದ ಮೇಲೆ ಮೈಸೂರಲ್ಲಿ ಹತ್ತುವ ಹಕ್ಕೂ ಇಲ್ಲ. ಹಾಸನ–ಅರಸೀಕೆರೆ ಮೇಲೆ ಹುಬ್ಬಳ್ಳಿಗೆ ಹೋಗುವ ಗಾಡಿಗಳು ಮಂಡ್ಯ ಮುಟ್ಟುವುದೇ ಇಲ್ಲ, ಅದು ಬೇರೆ.

ತತ್ಕಾಲಿನ ಬಗ್ಗೆ ನನಗೆ ಪ್ರೀತಿ ಇಲ್ಲ. ಎಸಿಗೆ ಹತ್ತು ಗಂಟೆ, ಸ್ಲೀಪರ್‌ಗೆ ಹನ್ನೊಂದು. ಮೂಲ ದರದ ಮೇಲೆ ಶೇಕಡ 30 ಹೆಚ್ಚು; ಆ ಹೆಚ್ಚುವರಿ ಸ್ಲೀಪರ್‌ನಲ್ಲಿ ಕನಿಷ್ಠ ₹100, ಗರಿಷ್ಠ ₹200, ಥರ್ಡ್ ಎಸಿಯಲ್ಲಿ ₹300ರಿಂದ ₹400. ಒಂದು ಟಿಕೆಟ್‌ಗೆ ನಾಲ್ಕೇ ಜನ. ಆಧಾರ್ ಒಟಿಪಿ ಬರುವಷ್ಟರಲ್ಲಿ ಹಬ್ಬದ ದಿನ ಎಲ್ಲ ಮುಗಿದಿರುತ್ತೆ. ಕನ್ಫರ್ಮ್ ಆದ ತತ್ಕಾಲ್ ರದ್ದು ಮಾಡಿದರೆ ಬಿಡಿಗಾಸೂ ವಾಪಸ್ ಇಲ್ಲ. ಮಾಮೂಲಿ ಟಿಕೆಟ್ ಸಾಕಷ್ಟು ಮುಂಚೆ ರದ್ದಾದರೆ ಸ್ಲೀಪರ್‌ಗೆ ₹120, ಥರ್ಡ್ ಎಸಿಗೆ ₹180 ಮತ್ತು ಜಿಎಸ್‌ಟಿ ಹೋಗುತ್ತೆ, ಅಷ್ಟೆ. ತತ್ಕಾಲ್ ವೇಟಿಂಗ್ ಅಂತೂ ತೆಗೆಯಲೇಬೇಡಿ, ದುಡ್ಡು ಕೊಟ್ಟು ರದ್ದು ಮಾಡುವವರು ಯಾರು?

ಹಬ್ಬದ ಸ್ಪೆಷಲ್ ಗಾಡಿಗಳಿಗೆ ಒಂದು ಒಳ್ಳೆ ಗುಣ ಇದೆ. ಘೋಷಣೆಯಾದ ಮೊದಲ ಗಂಟೆಗಳಲ್ಲಿ ಇಡೀ ಗಾಡಿ ಖಾಲಿ. ನಂಬರ್ ಸೊನ್ನೆಯಿಂದ ಶುರುವಾಗುತ್ತೆ, ಹಾಗಾಗಿ ಗುರುತು ಹಿಡಿಯುವುದು ಸುಲಭ. ನೈರುತ್ಯ ರೈಲ್ವೆಯ ಪ್ರಕಟಣೆ ಬೆಳಗಿನ ಪತ್ರಿಕೆಯಲ್ಲಿ ಓದಿ ಸಂಜೆ ಬುಕ್ ಮಾಡೋಣ ಅಂದುಕೊಂಡರೆ ಆಗುವುದಿಲ್ಲ, ಓದಿದ ತಕ್ಷಣ ಮಾಡಬೇಕು. ದರ ಹೆಚ್ಚು. ದಾರಿಯಲ್ಲಿ ಮಾಮೂಲಿ ಗಾಡಿಗಳಿಗೆಲ್ಲ ಜಾಗ ಬಿಟ್ಟು ನಿಂತು ನಿಂತು ಹೋಗುವುದರಿಂದ ತಲುಪುವ ಹೊತ್ತು ನಂಬಿ ಮದುವೆ, ಪರೀಕ್ಷೆ, ವಿಮಾನ ಇಟ್ಟುಕೊಳ್ಳಬಾರದು. ಪ್ಯಾಂಟ್ರಿ ಇರುತ್ತೆ ಅಂತ ಲೆಕ್ಕ ಹಾಕದೆ ಚಪಾತಿ, ಚಟ್ನಿಪುಡಿ, ಎರಡು ಹೊತ್ತಿನ ನೀರು ಕಟ್ಟಿಕೊಂಡು ಹತ್ತಿ.

ಬೆಂಗಳೂರಿನಿಂದ ಹತ್ತುವ ದಾರಿ ಕಾಗದದ ಮೇಲೆ ಚೆನ್ನ, ಗಾಡಿಗಳು ಅಲ್ಲಿ ಎಷ್ಟೋ ಹೆಚ್ಚು. ಆದರೆ ಬೆಂಗಳೂರು ಅಂದರೆ ಒಂದೇ ನಿಲ್ದಾಣ ಅಲ್ಲ. ನಮ್ಮ ಗಾಡಿಗಳು ಇಳಿಸುವುದು ಮೆಜೆಸ್ಟಿಕ್ಕಿನ ಕೆಎಸ್‌ಆರ್‌ನಲ್ಲಿ. ಕಾಶಿ ಕಡೆಯ ಸಂಘಮಿತ್ರ ಹೊರಡುವುದು ಬೈಯಪ್ಪನಹಳ್ಳಿಯ ಎಸ್‌ಎಂವಿಟಿಯಿಂದ. ನೇರಳೆ ಮಾರ್ಗದ ಮೆಟ್ರೋದಲ್ಲಿ ಬೈಯಪ್ಪನಹಳ್ಳಿವರೆಗೆ ಹೋಗಿ, ಅಲ್ಲಿಂದ ಲಗೇಜು ಹೊತ್ತು ಮತ್ತೆ ಆಟೋ. ಮೂರು ಗಂಟೆ ಅಂತರ ಇಟ್ಟುಕೊಳ್ಳಿ. ಎರಡೂ ರಿಸರ್ವ್ ಟಿಕೆಟ್ ಆಗಿದ್ದು, ಪ್ರಯಾಣಿಕರು ಅವರೇ ಆಗಿದ್ದರೆ ಪಿಎನ್‌ಆರ್ ಜೋಡಿಸಬಹುದು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಅದರ ಹಣ ಹಿಂತಿರುಗುತ್ತೆ. ಮೈಸೂರು–ಬೆಂಗಳೂರು ಜನರಲ್ ಟಿಕೆಟ್‌ನಲ್ಲಿ ಹೋದರೆ ಆ ರಕ್ಷಣೆ ಇಲ್ಲ. ಬಿಹಾರದ ಕಡೆಗೆ ಹೋಗುವ ಗಾಡಿಗಳಿಗೆ ನಮ್ಮ ದೀಪಾವಳಿ ಮಾತ್ರ ನೋಡಿದರೆ ಸಾಲದು, ಅದಾದ ಆರನೇ ದಿನದ ಅವರ ಛಠ್ ಹಬ್ಬದವರೆಗೂ ಅಲ್ಲಿಗೆ ಕಾಲಿಡಲು ಜಾಗ ಇರುವುದಿಲ್ಲ. ಹೌರಾ ಗಾಡಿಗೆ ದುರ್ಗಾಪೂಜೆ ಹಾಗೇ, ಅದು ನಮ್ಮ ದಸರಾ ದಿನಗಳಲ್ಲೇ ಬರುವುದು.

ಖಾಸಗಿ ಸ್ಲೀಪರ್ ಬಸ್ಸಿನ ಹಬ್ಬದ ದರ ನೋಡಿದರೆ ಥರ್ಡ್ ಎಸಿ ಅಗ್ಗ ಅನ್ನಿಸುತ್ತೆ. ಅದನ್ನು ಹೋಲಿಕೆಗೇ ತಂದಿಲ್ಲ.

ದಿನ ಆರಿಸಲು ಸ್ವಾತಂತ್ರ್ಯ ಇದ್ದವರು ವಿಜಯದಶಮಿ ಸಂಜೆ ಮತ್ತು ಮರುದಿನ ಮೈಸೂರು ಬಿಡುವುದನ್ನು ತಪ್ಪಿಸಿ, ಜಂಬೂಸವಾರಿಗೆ ಬಂದವರೆಲ್ಲ ಅದೇ ಗಾಡಿ ಹುಡುಕುತ್ತಿರುತ್ತಾರೆ. ವಿಜಯಪುರಕ್ಕೆ ಹೋಗುವವರು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ತುಂಬಿದ್ದರೆ ಬಸವ ಎಕ್ಸ್‌ಪ್ರೆಸ್ ನೋಡಬಹುದು, ರಾಯಚೂರು–ಕಲಬುರಗಿ ಸುತ್ತಿಕೊಂಡು ಹೋಗುತ್ತೆ, ಹೊತ್ತು ಜಾಸ್ತಿ.

ನನ್ನದು ಥರ್ಡ್ ಎಸಿ ಬಜೆಟ್, ರಜೆ ಯಾವಾಗ ಅಂತ ಎರಡು ತಿಂಗಳು ಮುಂಚೆ ಗೊತ್ತಿರುತ್ತೆ. ಅಂಥವರಿಗೆ ಅರವತ್ತನೇ ದಿನದ್ದೇ ಸರಿ. ರಜೆ ಮಂಜೂರಾಗುವುದೇ ಹಿಂದಿನ ವಾರ ಅನ್ನುವವರು ಸ್ಪೆಷಲ್ ಗಾಡಿ ಕಾಯಿರಿ, ತತ್ಕಾಲ್ ಆಮೇಲೆ. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ಬರುವ ಟಿಕೆಟ್ ಮರೆಯಬೇಡಿ. ಹತ್ತು ದಿನದ ಪ್ರವಾಸವಾದರೆ ಅದು ತೆರೆಯುವುದು ಸುಮಾರು ಹತ್ತು ದಿನ ಬಿಟ್ಟು, ಆ ಬೆಳಿಗ್ಗೆಯೂ ಎಂಟಕ್ಕೆ ಅಲಾರಂ ಇಡಬೇಕು, ಗಾಡಿಯ ‘ದಿನ 2’ ಕಾಲಂ ನೋಡಿಕೊಂಡು.