ಗಿಡದ ರಾಸಾಯನಿಕಗಳ ವಿಂಗಡಣೆ: ರಚನೆ ನೋಡಿಯೋ, ಕೆಲಸ ನೋಡಿಯೋ?

ಧಾರವಾಡದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ಬ್ಯಾಡಗಿ ಮೆಣಸಿನಕಾಯಿ ತಗೊಂಡಿದ್ದೀರಾ? ಹಾಗಾದರೆ ಅದರ ರಾಸಾಯನಿಕಗಳನ್ನು ವಿಂಗಡಿಸೋಕೆ ರಚನೆಯನ್ನೇ, ಅಂದ್ರೆ ಅಣು ಹೇಗೆ ಕಟ್ಟಿದೆ ಅನ್ನೋದನ್ನೇ ಹಿಡಿಯಿರಿ. ಅದಕ್ಕೆ ಕೆಂಪು ಬಣ್ಣ ಕೊಡುವ ಕ್ಯಾಪ್ಸಾಂಥಿನ್ 40 ಕಾರ್ಬನ್ ಇರುವ ಕ್ಯಾರೊಟಿನಾಯ್ಡ್ (ಹಳದಿ-ಕೆಂಪು ಬಣ್ಣದ ವಸ್ತುಗಳ ಗುಂಪು), ಎಣ್ಣೆಯಲ್ಲಿ ಕರಗುತ್ತದೆ. ಖಾರದ ಕ್ಯಾಪ್ಸೈಸಿನ್‌ನಲ್ಲಿ ನೈಟ್ರೋಜನ್ ಇದೆ, ಅದರ ಗುಂಪೇ ಬೇರೆ (ಬ್ಯಾಡಗಿಯಲ್ಲಿ ಅದು ಕಡಿಮೆ, ಬಿಡಿ). ರಚನೆ ಗೊತ್ತಿದ್ದರೆ ಅದನ್ನು ಕರಗಿಸಿ ತೆಗೆಯೋಕೆ ಯಾವ ದ್ರಾವಕ ಬಳಸಬೇಕು ಅನ್ನೋದು ಅರ್ಧ ಗೊತ್ತಾದ ಹಾಗೆ.

ಔಷಧ ಹುಡುಕುವವರಿಗೆ ಕೆಲಸ ನೋಡಿ ವಿಂಗಡಿಸೋದೇ ಸರಿ. ಕ್ವಿನೈನ್ ಆಲ್ಕಲಾಯ್ಡ್ (ನೈಟ್ರೋಜನ್ ಇರುವ ಗಿಡದ ವಸ್ತು), ಆರ್ಟೆಮಿಸಿನಿನ್ ಟರ್ಪಿನಾಯ್ಡ್ (ಐದೈದು ಕಾರ್ಬನ್‌ನ ತುಂಡು ಜೋಡಿಸಿ ಕಟ್ಟಿದ್ದು). ರಚನೆಯಲ್ಲಿ ಸಂಬಂಧವೇ ಇಲ್ಲ, ಆದರೂ ಎರಡೂ ಮಲೇರಿಯಾಕ್ಕೆ ಮದ್ದು. ಕೆಫೀನ್ ಕೂಡ ಆಲ್ಕಲಾಯ್ಡೇ, ಅದು ನಿದ್ದೆ ಓಡಿಸುತ್ತದೆ ಅಷ್ಟೇ. ತೊಂದರೆ ಏನಂದ್ರೆ, ಒಂದೇ ವಸ್ತು ನಾಲ್ಕು ಕೆಲಸ ಮಾಡಿದರೆ ನಾಲ್ಕು ಕಡೆ ಬರೆಯಬೇಕು. ಆಂಟಿಆಕ್ಸಿಡೆಂಟ್ (ಆಮ್ಲಜನಕದಿಂದ ಆಗುವ ಹಾನಿ ತಡೆಯುವ ವಸ್ತು) ಅಂತ ಸುಮ್ನೆ ಒಂದು ಗುಂಪು ಮಾಡಿದರಂತೂ ಅರ್ಧ ಅಡುಗೆಮನೆ ಅದರೊಳಗೇ ಬಂದು ಕೂರುತ್ತದೆ, ಅಲ್ವಾ?