ಡಸ್ಟರ್ ಡೀಸೆಲ್‌ಗೆ ಹೊಸ ಟೈಮಿಂಗ್ ಬೆಲ್ಟ್: ಆಟೊ ಕಾಂಪ್ಲೆಕ್ಸಿನ ಒಂದೂವರೆ ದಿನ

ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿನ ಒಂದು ಸಣ್ಣ ಗ್ಯಾರೇಜಿನಲ್ಲಿ ಕಳೆದ ತಿಂಗಳು ನನ್ನ ರೆನೊ ಡಸ್ಟರ್ ಡೀಸೆಲ್ ಕಾರಿನ ಟೈಮಿಂಗ್ ಬೆಲ್ಟ್ ಬದಲಾಯಿಸಿಕೊಂಡೆ. ಗ್ಯಾರೇಜಿನ ಹೆಸರನ್ನು ಬರೆಯುತ್ತಿಲ್ಲ. ಮುಂದೆ ಹೇಳಲಿರುವ ಒಂದೆರಡು ಕೊರತೆಗಳು ಯಾರ ಹೆಸರಿಗೂ ಅಂಟಿಕೊಳ್ಳುವುದು ಬೇಡ, ಮೇಲಾಗಿ ಅಲ್ಲಿ ಕಂಡ ಕೆಲಸದ ಕ್ರಮವನ್ನು ಓದುಗರು ತಮ್ಮ ಊರಿನ ಯಾವ ಗ್ಯಾರೇಜಿನಲ್ಲಿಯೂ ಕೇಳಿ ಪಡೆಯಬಹುದು.

ಕಾರು 2014ರ ಮಾದರಿಯದು, 85 ಪಿಎಸ್ (ಅಶ್ವಶಕ್ತಿ) ಎಂಜಿನ್ನಿನದು. ಎರಡು ವರ್ಷಗಳ ಹಿಂದೆ ಇದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಾಗ ಮೀಟರು 71,000 ಕಿಲೋಮೀಟರ್ ತೋರಿಸುತ್ತಿತ್ತು. ಸರ್ವಿಸ್ ಪುಸ್ತಕ ಕಳೆದುಹೋಗಿತ್ತು, ಮಾರಿದವರು ಕೊಟ್ಟ ಬಿಲ್ಲುಗಳ ಕಟ್ಟು ಮಾತ್ರ ಇತ್ತು. ಟೈಮಿಂಗ್ ಬೆಲ್ಟ್ ಆಗಿದೆಯೇ ಎಂದು ಕೇಳಿದಾಗ ಅವರು ಆ ಕಟ್ಟಿನಿಂದ ಒಂದು ಚೀಟಿಯನ್ನು ಎಳೆದು ತೋರಿಸಿದರು. ಅದರಲ್ಲಿ 'ಬೆಲ್ಟ್ ಚೇಂಜ್' ಎಂದು ಬರೆದು, ಎದುರಿಗೆ 1,350 ರೂಪಾಯಿ ಹಾಕಲಾಗಿತ್ತು. ನಾನು ಅದನ್ನು ನಂಬಿ ಎರಡು ವರ್ಷ ಓಡಿಸಿದೆ. ಆ ಮೊತ್ತವನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು, ಏಕೆಂದರೆ ಆ ಹಣಕ್ಕೆ ಬದಲಾಗುವುದು ಎಂಜಿನ್ನಿನ ಹೊರಗೆ ಕಾಣುವ, ಆಲ್ಟರ್ನೇಟರನ್ನೂ ಎಸಿಯನ್ನೂ ತಿರುಗಿಸುವ, ಬಾಯಿ ಮಾತಿನಲ್ಲಿ ಎಲ್ಲರೂ ಫ್ಯಾನ್ ಬೆಲ್ಟ್ ಎನ್ನುವ ಪಟ್ಟಿಯೇ ಹೊರತು ಮುಚ್ಚಳದ ಒಳಗಿರುವ ಟೈಮಿಂಗ್ ಬೆಲ್ಟ್ ಅಲ್ಲ.

ಈ ಕಾರಿನಲ್ಲಿರುವುದು ಕೆ9ಕೆ ಎಂಬ 1,461 ಸಿಸಿ ಎಂಜಿನ್. ಡಸ್ಟರ್ 2012ರ ಜುಲೈನಲ್ಲಿ ನಮ್ಮಲ್ಲಿಗೆ ಬರುವ ಮೊದಲೇ ಲೋಗನ್‌ನಲ್ಲಿ ಇದು ಓಡಾಡುತ್ತಿತ್ತು. ವೆರಿಟೊ, ನಿಸಾನ್ ಸನ್ನಿ, ಟೆರಾನೊ, ಲಾಡ್ಜಿಗಳ ಡೀಸೆಲ್ ಮಾದರಿಗಳಲ್ಲಿ ಇರುವುದೂ ಇದೇ. ಕೆಳಗೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎಂಬ ದಂಡ ಎರಡು ಸುತ್ತು ಸುತ್ತುವಾಗ, ಮೇಲೆ ಗಾಳಿಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಎಂಬ ದಂಡ ಸರಿಯಾಗಿ ಒಂದು ಸುತ್ತು ಸುತ್ತಬೇಕು, ಆ ಲೆಕ್ಕವನ್ನು ಕಾಯುವುದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ, ಅದೇ ಟೈಮಿಂಗ್ ಬೆಲ್ಟ್. ಹೆದ್ದಾರಿಯಲ್ಲಿ 2,000 ಆರ್‌ಪಿಎಂನಲ್ಲಿ ಹೋಗುತ್ತಿರುವಾಗ ಕ್ರ್ಯಾಂಕ್ ಸೆಕೆಂಡಿಗೆ 33 ಸುತ್ತು ಸುತ್ತುತ್ತಿರುತ್ತದೆ. ಆ ವೇಗದಲ್ಲಿ ಪಟ್ಟಿ ಹರಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್‌ಗಳು ನಿಲ್ಲುವುದಿಲ್ಲ, ತೆರೆದ ಸ್ಥಿತಿಯಲ್ಲಿಯೇ ಉಳಿದ ವಾಲ್ವ್‌ಗಳಿಗೆ ಅವು ಕೆಳಗಿನಿಂದ ಬಂದು ಬಡಿಯುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಕಡಿಮೆಯಾದ್ದರಿಂದ ಇಲ್ಲಿ ಅದೃಷ್ಟದ ಮಾತೇ ಬರುವುದಿಲ್ಲ. ಅದೂ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಯಾವುದಾದರೊಂದರಲ್ಲಿ ಆದರೆ, ಎಂಜಿನ್ ನಿಂತೊಡನೆ ಸ್ಟಿಯರಿಂಗ್ ಭಾರವಾಗಿ, ಬ್ರೇಕಿಗಿದ್ದ ವ್ಯಾಕ್ಯೂಮ್ ನೆರವೂ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ.

ಹಾಗಾದರೆ ಯಾವಾಗ ಬದಲಾಯಿಸಬೇಕು? ಈ ಪ್ರಶ್ನೆಯನ್ನು ನಾನು ಮೂರು ಕಡೆ ಕೇಳಿದೆ. ಒಬ್ಬರು 80,000 ಎಂದರು, ಇನ್ನೊಬ್ಬರು ಒಂದು ಲಕ್ಷ ಎಂದರು, ಮೂರನೆಯವರು ಶಬ್ದ ಬರುವವರೆಗೆ ಮುಟ್ಟಬೇಡಿ ಎಂದರು. ಮೂರನೆಯ ಸಲಹೆ ಅಪಾಯಕಾರಿ, ಏಕೆಂದರೆ ಈ ಪಟ್ಟಿ ಸಾಮಾನ್ಯವಾಗಿ ಯಾವ ಶಬ್ದವನ್ನೂ ಮಾಡದೆ ಹರಿಯುತ್ತದೆ. ಶಬ್ದ ಬಂದರೆ ಅದು ಬಹುಪಾಲು ಪಟ್ಟಿಯನ್ನು ಬಿಗಿಯಾಗಿಡುವ ಟೆನ್ಷನರಿನ ಅಥವಾ ಎಂಜಿನ್ ತಣಿಸುವ ದ್ರವವನ್ನು ಹರಿಸುವ ವಾಟರ್ ಪಂಪಿನ ಬೇರಿಂಗಿನದು. ಮೊದಲ ಎರಡು ಉತ್ತರಗಳಲ್ಲಿ ಒಂದನ್ನು ಆರಿಸಲು ನಿಮ್ಮ ಕಾರಿನ ಕೈಪಿಡಿಯೇ ಪ್ರಮಾಣ. ಕೆ9ಕೆಯ ವಿಷಯದಲ್ಲಿ ಕಂಪನಿಯೇ ವರ್ಷಕ್ಕೆ, ಮಾದರಿಗೆ, ದೇಶಕ್ಕೆ ತಕ್ಕಂತೆ ಬೇರೆ ಬೇರೆ ಅಂಕಿಗಳನ್ನು ಕೊಟ್ಟಿದೆ, ಆದ್ದರಿಂದ ಇನ್ನೊಬ್ಬರ ಡಸ್ಟರಿನ ಅಂಕಿಯನ್ನು ಎರವಲು ತರುವುದು ತರವಲ್ಲ.

ಆದರೆ ಕೈಪಿಡಿಯಲ್ಲಿ ಕಿಲೋಮೀಟರಿನ ಪಕ್ಕದಲ್ಲಿ ಬರೆದಿರುವ ವರ್ಷಗಳ ಅಂಕಿಯನ್ನು ನಮ್ಮಲ್ಲಿ ಹೆಚ್ಚಿನವರು ಓದುವುದೇ ಇಲ್ಲ. ಎರಡರಲ್ಲಿ ಯಾವುದು ಮೊದಲು ಬರುತ್ತದೆಯೋ ಅದೇ ಗಡುವು ಎಂಬುದು ಅದರ ಅರ್ಥ. ಪಟ್ಟಿಯ ಹೊರಮೈ ರಬ್ಬರಿನದು, ಒಳಗೆ ಉದ್ದಕ್ಕೂ ಗಾಜಿನ ನಾರಿನ ದಾರಗಳಿರುತ್ತವೆ. ಎಂಜಿನ್ನಿನ ಬಿಸಿಯಲ್ಲಿ ಬೆಂದು ಆರುತ್ತ ವರ್ಷಗಳು ಕಳೆದಂತೆ ರಬ್ಬರು ತನ್ನ ಮೃದುತ್ವವನ್ನು ಕಳೆದುಕೊಳ್ಳುತ್ತದೆ, ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಕಳೆದುಕೊಳ್ಳುತ್ತದೆ. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡುವ ನನ್ನಂಥವರ ಕಾರು ಒಂದು ಲಕ್ಷ ಮುಟ್ಟುವಷ್ಟರಲ್ಲಿ ಪಟ್ಟಿಗೆ ಹನ್ನೆರಡು ವರ್ಷ ತುಂಬಿರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಗಂಟೆಗೆ ಸರಾಸರಿ 50 ಕಿಲೋಮೀಟರಿನಂತೆ ಊರೂರು ತಿರುಗಿದ ಕಾರು ಒಂದು ಲಕ್ಷ ಮುಟ್ಟಲು ಎಂಜಿನ್ 2,000 ಗಂಟೆ ಓಡಿದರೆ ಸಾಕು. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಕಡೆ ತೆವಳುತ್ತ ಸರಾಸರಿ 20 ಕಿಲೋಮೀಟರಿನಲ್ಲಿ ಸಾಗಿದ ಕಾರು ಅದೇ ಅಂಕಿಗೆ ಬರುವಾಗ 5,000 ಗಂಟೆ ಓಡಿರುತ್ತದೆ. ಮೀಟರಿಗೆ ಇವೆರಡೂ ಒಂದೇ, ಪಟ್ಟಿಗೆ ಅಲ್ಲ. ಹೀಗಾಗಿ ಕೈಪಿಡಿ ಇಲ್ಲದ ನನ್ನ ಕಾರಿಗೆ ನಾನೇ ಒಂದು ಗಡುವನ್ನು ಹಾಕಿಕೊಂಡಿದ್ದೇನೆ: 80,000 ಕಿಲೋಮೀಟರ್ ಅಥವಾ ಆರು ವರ್ಷ. ಕಿಲೋಮೀಟರ್, ದಿನಾಂಕ, ಟೈಮಿಂಗ್ ಬೆಲ್ಟ್ ಎಂಬ ಮೂರೂ ಸ್ಪಷ್ಟವಾಗಿರುವ ಬಿಲ್ಲು ಇಲ್ಲವೆಂದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿಯತಕ್ಕದ್ದು. ಬಿಎಸ್ 6 ಎಂಬ ಹೊಗೆಯ ನಿಯಮ ಬಂದ 2020ರಲ್ಲಿಯೇ ರೆನೊ ಇಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದ್ದರಿಂದ, ಇಂದು ಮಾರಾಟಕ್ಕೆ ಬರುವ ಯಾವ ಡಸ್ಟರ್ ಡೀಸೆಲ್ ಕೂಡ ಎಳೆಯದಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು.

ಎಲ್ಲ ಡೀಸೆಲ್ ಕಾರುಗಳಿಗೂ ಈ ಚಿಂತೆ ಇಲ್ಲ. ಸ್ವಿಫ್ಟ್, ಡಿಸೈರ್‌ಗಳ 1.3 ಲೀಟರಿನ ಡೀಸೆಲ್‌ನಲ್ಲಿ ಬೆಲ್ಟಿನ ಬದಲು ಚೈನ್ ಇದೆ. ಬಿಡದಿಯಲ್ಲಿ ತಯಾರಾದ ಹಳೆಯ ಇನ್ನೋವಾದ 2.5 ಲೀಟರ್ ಎಂಜಿನ್ನಿಗೆ ಬೆಲ್ಟ್, ನಂತರದ ಕ್ರಿಸ್ಟಾ ಡೀಸೆಲ್‌ಗೆ ಚೈನ್. ಪೋಲೊ, ವೆಂಟೊ ಡೀಸೆಲ್‌ಗಳೂ ಬೆಲ್ಟಿನವೇ. ಹಳೆಯ ಇನ್ನೋವಾದಲ್ಲಿ ಗಡುವು ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಟಿ-ಬೆಲ್ಟ್ ಎಂಬ ದೀಪ ಹೊತ್ತಿಕೊಳ್ಳುತ್ತದೆ, ಆದರೆ ಅದು ಪಟ್ಟಿಯನ್ನು ಪರೀಕ್ಷಿಸಿ ಹೊತ್ತುವ ದೀಪವಲ್ಲ, ಕಿಲೋಮೀಟರ್ ಎಣಿಸಿ ಹೊತ್ತುವ ದೀಪ.

ಗ್ಯಾರೇಜಿಗೆ ಹೋದ ದಿನ ಮೀಟರು 88,400 ಇತ್ತು. ಮೇಸ್ತ್ರಿಯವರು ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಬಿಚ್ಚಿ, ನನ್ನನ್ನು ಹತ್ತಿರ ಕರೆದು ಟಾರ್ಚ್ ಹಿಡಿದರು. ಪಟ್ಟಿಯ ಬೆನ್ನಿನ ಮೇಲೆ ಅಚ್ಚಾಗಿದ್ದ ಅಕ್ಷರಗಳು ಅರ್ಧಕ್ಕರ್ಧ ಅಳಿಸಿಹೋಗಿದ್ದವು, ಒಂದು ಅಂಚಿನಲ್ಲಿ ಹಳೆಯ ಗೋಣಿಚೀಲದ ಬಾಯಿಯಲ್ಲಿ ಏಳುವಂಥ ಸಣ್ಣ ಎಳೆಗಳು ಎದ್ದಿದ್ದವು, ಮುಚ್ಚಳದ ಒಳಮೈಯಲ್ಲಿ ಬೆರಳಿಗೆ ಹತ್ತುವಷ್ಟು ಕಪ್ಪು ಪುಡಿ ಕೂತಿತ್ತು. ಬೋಲ್ಟುಗಳ ತಲೆಯ ಮೇಲೆ ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣದ ಗುರುತು ಹಾಗೆಯೇ ಇತ್ತು. "ಇದಕ್ಕೆ ಇಲ್ಲಿಯವರೆಗೆ ಯಾರೂ ಸ್ಪ್ಯಾನರ್ ಇಟ್ಟಿಲ್ಲ ಸಾರ್" ಎಂದರು. 1,350 ರೂಪಾಯಿಯ ಚೀಟಿಯ ಕತೆ ಅಲ್ಲಿಗೆ ಮುಗಿಯಿತು. ನನ್ನ ಪಟ್ಟಿಯಲ್ಲಿ ಸವೆತ ಕಣ್ಣಿಗೆ ಕಾಣುತ್ತಿತ್ತು ನಿಜ, ಆದರೆ ಎಷ್ಟೋ ಪಟ್ಟಿಗಳು ಹೊಸದರಂತೆ ಕಾಣುತ್ತಲೇ ಹರಿಯುತ್ತವೆ, ಒಳಗಿನ ದಾರ ಸೋತದ್ದು ಹೊರಗೆ ತಿಳಿಯುವುದಿಲ್ಲ. ಮುಚ್ಚಳ ತೆಗೆದು ನೋಡಿ 'ಇನ್ನೂ ಚೆನ್ನಾಗಿದೆ, ಓಡಿಸಿ' ಎನ್ನುವ ಅಭಯವನ್ನು ನಾನಂತೂ ಸ್ವೀಕರಿಸುವುದಿಲ್ಲ.

ಕೆಲಸದ ವಿಧಾನವೇ ಈ ಗ್ಯಾರೇಜಿನ ಹೆಚ್ಚುಗಾರಿಕೆ. ಬಲಗಡೆಯ ಮುಂದಿನ ಚಕ್ರವನ್ನೂ ಅದರ ಒಳಗಿನ ಪ್ಲಾಸ್ಟಿಕ್ ತಡೆಯನ್ನೂ ತೆಗೆದು, ಎಂಜಿನ್ನಿನ ಕೆಳಗೆ ಮರದ ತುಂಡಿಟ್ಟು ಜ್ಯಾಕ್ ಕೊಟ್ಟು, ಬಲಬದಿಯಲ್ಲಿ ಎಂಜಿನ್ನನ್ನು ಹಿಡಿದಿಡುವ ಎಂಜಿನ್ ಮೌಂಟ್ ಬಿಚ್ಚಿದರು. ಹಳೆಯ ಪಟ್ಟಿಯನ್ನು ತೆಗೆಯುವ ಮೊದಲು ಕ್ಯಾಮ್ ಮತ್ತು ಕ್ರ್ಯಾಂಕ್ ಅಲುಗಾಡದಂತೆ ಎರಡಕ್ಕೂ ಲಾಕ್ ಪಿನ್ ಹಾಕಿದರು. ಅನೇಕ ಕಡೆ ಪಿನ್ನುಗಳ ಗೋಜಿಗೆ ಹೋಗದೆ ಹಳೆಯ ಪಟ್ಟಿಯ ಮೇಲೂ ಪುಲ್ಲಿಗಳ ಮೇಲೂ ವೈಟ್ನರ್‌ನಿಂದ ಗೆರೆ ಎಳೆದು, ಹೊಸ ಪಟ್ಟಿಗೆ ಆ ಗೆರೆಗಳನ್ನು ನಕಲು ಮಾಡುತ್ತಾರೆ. ಕೈ ಪಳಗಿದವರಿಗೆ ಅದು ನಡೆಯಲೂಬಹುದು, ಆದರೆ ಒಂದು ಹಲ್ಲು ತಪ್ಪಿದರೂ ಎಂಜಿನ್ ಸರಿಯಾಗಿ ಎಳೆಯುವುದಿಲ್ಲ, ಹೆಚ್ಚು ತಪ್ಪಿದರೆ ಪರಿಣಾಮ ಹರಿದಷ್ಟೇ ಕೆಟ್ಟದ್ದು. ಹೊಸ ಟೆನ್ಷನರಿನ ಮುಳ್ಳನ್ನು ಅಲೆನ್ ಕೀಯಿಂದ ಗುರುತಿಗೆ ತಂದು ನಿಲ್ಲಿಸಿದ ಮೇಲೆ, ಪಿನ್ನುಗಳನ್ನು ಕಿತ್ತು, ಸ್ಟಾರ್ಟರ್ ಮುಟ್ಟದೆ, ಉದ್ದನೆಯ ಹಿಡಿಯ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲಿಯೇ ಎರಡು ಸುತ್ತು ತಿರುಗಿಸಿದರು. ಎಲ್ಲಿಯೂ ತಡೆಯಲಿಲ್ಲ. ಪಿನ್ನುಗಳನ್ನು ಮತ್ತೆ ಹಾಕಿ ನೋಡಿದಾಗ ಎರಡೂ ತಮ್ಮ ತೂತಿನಲ್ಲಿ ಸಲೀಸಾಗಿ ಕೂತವು, ಮುಳ್ಳು ಮಾತ್ರ ಕೂದಲೆಳೆಯಷ್ಟು ಸರಿದಿತ್ತು. ಅದನ್ನು ಮತ್ತೆ ಹೊಂದಿಸಿ ಇನ್ನೆರಡು ಸುತ್ತು ತಿರುಗಿಸಿದರು. ಕೊಟ್ಟ ಹಣಕ್ಕೆ ನನಗೆ ತೃಪ್ತಿ ಆದದ್ದು ಆ ಎರಡನೆಯ ಸಲದ ತಿರುಗಿಸುವಿಕೆಯನ್ನು ಕಂಡಾಗ.

ಬೆಲ್ಟ್ ಒಂದನ್ನೇ ಹಾಕಿಸಿ ಎರಡು ಮೂರು ಸಾವಿರ ಉಳಿಸೋಣ ಎಂಬ ಯೋಚನೆ ನನಗೂ ಇತ್ತು. ಮೇಸ್ತ್ರಿಯವರು ಒಪ್ಪಲಿಲ್ಲ. ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಪಂಪಿನ ಬೇರಿಂಗ್ ನಾಳೆ ಬಿಗಿದುಕೊಂಡರೆ ಹೊಸ ಬೆಲ್ಟನ್ನೂ ಕಿತ್ತು ಹಾಕುತ್ತದೆ, ಎಂಜಿನ್ ತಣಿಸುವ ಕೂಲೆಂಟ್ ಅದರಿಂದ ಸೋರಿದರೆ ಪಂಪನ್ನು ಬದಲಾಯಿಸಲು ಮತ್ತೆ ಇಷ್ಟನ್ನೂ ಬಿಚ್ಚಬೇಕು, ಅದೇ ಮಜೂರಿಯನ್ನು ಎರಡನೆಯ ಸಲ ಕೊಡಬೇಕು. ಹೊರಗಿನ ಫ್ಯಾನ್ ಬೆಲ್ಟಿನದೂ ಇದೇ ಮಾತು: ಅದು ಹರಿದರೆ ಅದರ ಎಳೆಗಳು ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಒಳಗೆ ನುಗ್ಗಿ ಟೈಮಿಂಗ್ ಬೆಲ್ಟಿಗೆ ಸುತ್ತಿಕೊಳ್ಳುವ ಅಪಾಯ ಉಂಟು. ಕ್ಯಾಮ್ ಮತ್ತು ಕ್ರ್ಯಾಂಕಿನ ಆಯಿಲ್ ಸೀಲುಗಳಲ್ಲಿ ಎಣ್ಣೆ ಸೋರಿದ ಗುರುತು ಇಲ್ಲದ್ದರಿಂದ ಅವನ್ನು ಮುಟ್ಟಲಿಲ್ಲ. ಸೋರುತ್ತಿದ್ದರೆ ಅವನ್ನೂ ಬದಲಾಯಿಸಲೇಬೇಕಾಗಿತ್ತು, ಎಣ್ಣೆ ಕುಡಿದ ಬೆಲ್ಟ್ ಯಾವ ಗಡುವನ್ನೂ ಕಾಯುವುದಿಲ್ಲ.

ಬಿಲ್ಲು ಹೀಗಿತ್ತು: ಬೆಲ್ಟ್ ಮತ್ತು ಟೆನ್ಷನರಿನ ಕಿಟ್‌ಗೆ 5,200, ವಾಟರ್ ಪಂಪಿಗೆ 2,900, ಹೊರಗಿನ ಬೆಲ್ಟಿಗೆ 1,400, ಕೂಲೆಂಟಿಗೆ 1,100, ಮಜೂರಿ 4,000, ಒಟ್ಟು 14,600 ರೂಪಾಯಿ. ದುಬಾರಿ ಎನ್ನಿಸಿದ್ದು ನಿಜ. ಆದರೆ ಪಕ್ಕದ ಶೆಡ್ಡಿನಲ್ಲಿ ಬೆಲ್ಟ್ ಹರಿದು ಎಳೆಸಿಕೊಂಡು ಬಂದ ಇನ್ನೊಂದು ಕಾರು ಬಾನೆಟ್ ತೆರೆದು ನಿಂತಿತ್ತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ, ಎಂಟು ವಾಲ್ವ್‌ಗಳನ್ನು ಒಂದು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಮಲಗಿಸಿದ್ದರು, ಅವುಗಳಲ್ಲಿ ಆರು ಸೊಟ್ಟಗಾಗಿದ್ದವು. ಆ ಕಾರಿನ ಮಾಲೀಕರು ಬೆಂಚಿನ ಮೇಲೆ ಕೂತು ಯಾರಿಗೋ ಫೋನಿನಲ್ಲಿ ಅರುವತ್ತು ಸಾವಿರದ ಲೆಕ್ಕ ಒಪ್ಪಿಸುತ್ತಿದ್ದರು. ನಾನು ನನ್ನ ಬಿಲ್ಲಿನ ಬಗ್ಗೆ ಚೌಕಾಸಿ ಮಾಡದೆ ಸುಮ್ಮನಾದೆ.

ಕೊರತೆಗಳೂ ಇವೆ. ಸಂಜೆ ಐದಕ್ಕೆ ಕೊಡುತ್ತೇವೆಂದ ಗಾಡಿ ಸಿಕ್ಕಿದ್ದು ಮರುದಿನ ಮಧ್ಯಾಹ್ನ, ಏಕೆಂದರೆ ವಾಟರ್ ಪಂಪು ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಬರಬೇಕಿತ್ತು, ಅದನ್ನು ತರಿಸಿಕೊಳ್ಳದೆಯೇ ಕಾರನ್ನು ಬಿಚ್ಚಿದ್ದರು. ಕೂಲೆಂಟಿಗೆ ಹುಡುಗನೊಬ್ಬ ನಲ್ಲಿಯ ನೀರನ್ನು ಬೆರೆಸಲು ಹೊರಟಾಗ ನಾನೇ ತಡೆದು ಡಿಸ್ಟಿಲ್ಡ್ ನೀರಿನ ಕ್ಯಾನು ತಂದುಕೊಟ್ಟೆ. ಚಕ್ರದ ಒಳಗಿನ ಪ್ಲಾಸ್ಟಿಕ್ ತಡೆಯ ಎರಡು ಕ್ಲಿಪ್ಪುಗಳು ಮುರಿದಿದ್ದು, ಅವುಗಳ ಜಾಗದಲ್ಲಿ ತಂತಿ ಬಿಗಿದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಕೆಟ್ಟ ರಸ್ತೆಯಲ್ಲಿ ಅದು ಈಗಲೂ ಟಪಟಪ ಎನ್ನುತ್ತದೆ. ಮೊದಲು ಕೊಟ್ಟ ಬಿಲ್ಲಿನಲ್ಲಿಯೂ 'ಬೆಲ್ಟ್ ಕೆಲಸ' ಎಂದಷ್ಟೇ ಇತ್ತು. ನಾನು ಪಟ್ಟು ಹಿಡಿದು ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪು ಎಂದು ಬಿಡಿಬಿಡಿಯಾಗಿ, ಕಿಲೋಮೀಟರ್ ಸಮೇತ ಬರೆಸಿಕೊಂಡೆ.

ಹಳೆಯ ಭಾಗಗಳನ್ನು ಕೇಳುವ ಮೊದಲೇ ಹೊಸದರ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಹಳೆಯ ಪಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಒಳಗೆ ಮರಳು ಸಿಕ್ಕಿದಂತೆ ಗರಗರ ಎನ್ನುತ್ತದೆ. ಆಮೇಲೆ ಕಾರು 1,900 ಕಿಲೋಮೀಟರ್ ಓಡಿದೆ, ಅದರಲ್ಲಿ ಎರಡು ಸಲ ಆಗುಂಬೆ ಇಳಿದು ಉಡುಪಿಗೆ ಹೋಗಿ ಬಂದದ್ದೂ ಸೇರಿದೆ. ಕೂಲೆಂಟಿನ ಮಟ್ಟ ಇಳಿದಿಲ್ಲ, ತಣ್ಣಗಿನ ಸ್ಟಾರ್ಟಿನಲ್ಲಿ ಮೊದಲು ಕೇಳುತ್ತಿದ್ದ ಸಣ್ಣ ಕೀರಲು ಸದ್ದು ಈಗಿಲ್ಲ. ಬಾನೆಟ್ಟಿನ ಒಳಗೆ ಮೇಸ್ತ್ರಿಯವರು ಅಂಟಿಸಿದ ಬಿಳಿ ಚೀಟಿಯ ಮೇಲೆ 88,400 ಎಂಬ ಅಂಕಿಯೂ ದಿನಾಂಕವೂ ಇವೆ. ಅದರ ಕೆಳಗೆ ಮುಂದಿನ ಗಡುವಿನ ವರ್ಷವನ್ನು ನಾನೇ ಮಾರ್ಕರಿನಲ್ಲಿ ಬರೆದಿದ್ದೇನೆ. ಆಗಲೂ ಇದೇ ಗ್ಯಾರೇಜಿಗೆ ಹೋಗುತ್ತೇನೆ, ಆದರೆ ವಾಟರ್ ಪಂಪು ಅವರ ಕೈ ಸೇರಿದೆ ಎಂದು ಫೋನಿನಲ್ಲಿ ಖಚಿತ ಮಾಡಿಕೊಂಡು, ಚಕ್ರದ ಕ್ಲಿಪ್ಪುಗಳ ಒಂದು ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು.